ಹುಟ್ಟಿಗೆ ಬರೆದ ಕಾನೂನು: ವರ್ಜೀನಿಯಾ, 1619–1705

(ಕನ್ನಡ ಕುಟುಂಬಗಳ ಹೈಸ್ಕೂಲು ಮತ್ತು ಕಾಲೇಜು ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಅಮೆರಿಕದ ಆರಂಭಕಾಲದ ಚರಿತ್ರೆ ಎಂದೊಡನೆ ನಮ್ಮ ಕಣ್ಣ ಮುಂದೆ ಸಾಮಾನ್ಯವಾಗಿ ಎರಡು ಚಿತ್ರಗಳು ಬರುತ್ತವೆ. ಕಡಲು ದಾಟಿ ಬಂದು, ಕಾಡು ಕಡಿದು, ಕೊನೆಗೆ ಸ್ವಾತಂತ್ರ್ಯವನ್ನು ಘೋಷಿಸಿಕೊಂಡ ಬಿಳಿಯರದು ಒಂದು. ಸಂಕೋಲೆಯಲ್ಲಿ ಬಂದು ಹತ್ತಿಯ ಹೊಲಗಳಲ್ಲಿ ದುಡಿದು ಸತ್ತ ಕಪ್ಪು ಜನರದು ಇನ್ನೊಂದು. ಎರಡರಲ್ಲೂ ಸತ್ಯವಿದೆ. ಆದರೆ ಅವನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದಾಗ, ಒಡೆಯರು ಒಡೆಯರಾಗಿಯೇ, ಗುಲಾಮರು ಗುಲಾಮರಾಗಿಯೇ ಹಡಗಿನಿಂದ ಇಳಿದರು ಎಂಬ ಭಾವನೆ ಮೂಡುತ್ತದೆ. ಮೈಬಣ್ಣವೇ ಎಲ್ಲವನ್ನೂ ಮೊದಲೇ ನಿರ್ಧರಿಸಿತ್ತು ಎಂದು ನಾವು ಒಪ್ಪಿಬಿಡುತ್ತೇವೆ.

ಇಂದು ನಾನು ಹೇಳಬಯಸುವುದು ಇಷ್ಟು: ಹುಟ್ಟಿನ ಆಧಾರದ ಈ ಶ್ರೇಣಿಯನ್ನು ಮನುಷ್ಯರು ಕಟ್ಟಿದರು. ಒಂದು ಶಾಸನಸಭೆ, ಸುಮಾರು ಅರವತ್ತು ವರ್ಷಗಳ ಅವಧಿಯಲ್ಲಿ, ಒಂದರ ಮೇಲೊಂದು ಕಾಯ್ದೆಯನ್ನಿಟ್ಟು ಅದನ್ನು ಕಟ್ಟಿತು. ಪ್ರತಿಯೊಂದು ಕಾಯ್ದೆಗೂ ಇಸವಿಯಿದೆ, ಕಾರಣವಿದೆ, ಅದರಿಂದ ಲಾಭ ಪಡೆದವರಿದ್ದಾರೆ. ಆ ಸಭೆ ವರ್ಜೀನಿಯಾದ್ದು. ಅದರ ಕತೆಯನ್ನು ಕ್ರಮವಾಗಿ ನೋಡೋಣ.

ನೆಲ, ಹೊಗೆಸೊಪ್ಪು, ದುಡಿಮೆ

1607ರಲ್ಲಿ ಲಂಡನ್ನಿನ ವ್ಯಾಪಾರಿಗಳ ಕಂಪೆನಿಯೊಂದು ಜೇಮ್ಸ್‌ಟೌನ್ ವಸಾಹತನ್ನು ಸ್ಥಾಪಿಸಿತು. ಆ ನೆಲ ಖಾಲಿಯಿರಲಿಲ್ಲ. ಪೌಹಾಟನ್ ಎಂಬ ಅರಸನ ಅಧೀನದಲ್ಲಿದ್ದ ಹಲವು ಮೂಲನಿವಾಸಿ ಬುಡಕಟ್ಟುಗಳು ಅಲ್ಲಿ ಬೇಸಾಯ ಮಾಡಿಕೊಂಡಿದ್ದವು. ಕಂಪೆನಿಗೆ ಬೇಕಿದ್ದುದು ಚಿನ್ನ. ಸಿಕ್ಕಿದ್ದು ಹಸಿವು ಮತ್ತು ಜ್ವರ. ಜಾನ್ ರಾಲ್ಫ್ ಎಂಬಾತ 1612ರ ಸುಮಾರಿಗೆ ಯುರೋಪಿನ ಮಾರುಕಟ್ಟೆಗೆ ಒಗ್ಗುವ ಹೊಗೆಸೊಪ್ಪನ್ನು ಬೆಳೆದು ತೋರಿಸಿದ ಮೇಲೆ ಎಲ್ಲವೂ ಬದಲಾಯಿತು. ಹೊಗೆಸೊಪ್ಪಿಗೆ ಎರಡು ಸಂಗತಿಗಳು ಬೇಕು: ಹೊಸ ಹೊಸ ನೆಲ ಮತ್ತು ವರ್ಷವಿಡೀ ಬಗ್ಗಿ ದುಡಿಯುವ ಕೈಗಳು. ನೆಲವನ್ನು ಮೂಲನಿವಾಸಿಗಳಿಂದ ಕಿತ್ತುಕೊಳ್ಳಲಾಯಿತು. ಕೈಗಳನ್ನು ತರಬೇಕಿತ್ತು.

ಅದಕ್ಕಾಗಿ ಒಂದು ಏರ್ಪಾಡು ಬಂತು. ಯಾರಾದರೂ ಒಬ್ಬ ವ್ಯಕ್ತಿಯ ಪ್ರಯಾಣದ ವೆಚ್ಚ ಭರಿಸಿ ಅವನನ್ನು ಅಥವಾ ಅವಳನ್ನು ವರ್ಜೀನಿಯಾಕ್ಕೆ ಕರೆತಂದರೆ, ತಂದವನಿಗೆ ತಲೆಗೆ 50 ಎಕರೆ ಜಮೀನು. ಹೀಗೆ ಬಂದವರಲ್ಲಿ ಬಹುಪಾಲು ಇಂಗ್ಲೆಂಡಿನ ಬಡವರು. ನಾಲ್ಕರಿಂದ ಏಳು ವರ್ಷಗಳ ಕರಾರಿಗೆ ತಮ್ಮನ್ನು ಒತ್ತೆಯಿಟ್ಟುಕೊಂಡವರು. ಅವರ ಕರಾರನ್ನು ಒಬ್ಬ ಒಡೆಯ ಇನ್ನೊಬ್ಬನಿಗೆ ಮಾರಬಹುದಿತ್ತು. ಅವರು ಅಪ್ಪಣೆಯಿಲ್ಲದೆ ಮದುವೆಯಾಗುವಂತಿರಲಿಲ್ಲ, ಓಡಿಹೋಗಿ ಸಿಕ್ಕಿಬಿದ್ದರೆ ಅವಧಿ ಹೆಚ್ಚುತ್ತಿತ್ತು. ಅನೇಕರು ಅವಧಿ ಮುಗಿಯುವ ಮುನ್ನವೇ ರೋಗಕ್ಕೆ ಬಲಿಯಾದರು. ನಮ್ಮ ಊರುಗಳಲ್ಲಿ ಸಾಲಕ್ಕೆ ಜೀತವಿದ್ದವರ ಬದುಕನ್ನು ಬಲ್ಲ ಹಿರಿಯರಿಗೆ ಈ ಚಿತ್ರ ಅಪರಿಚಿತವಲ್ಲ.

1619ರಲ್ಲಿ ಇದೇ ವರ್ಜೀನಿಯಾದಲ್ಲಿ ಎರಡು ಘಟನೆಗಳು ನಡೆದವು. ಜುಲೈ ಕೊನೆಯಲ್ಲಿ ಜೇಮ್ಸ್‌ಟೌನಿನ ಚರ್ಚಿನಲ್ಲಿ ವಸಾಹತಿನ ಮೊದಲ ಪ್ರಾತಿನಿಧಿಕ ಸಭೆ ಸೇರಿತು. ಆಗಸ್ಟ್ ಕೊನೆಯಲ್ಲಿ, ಪೋರ್ಚುಗೀಸರ ಹಡಗಿನಿಂದ ದೋಚಿ ತಂದ ಇಪ್ಪತ್ತಕ್ಕೂ ಹೆಚ್ಚು ಅಂಗೋಲದ ಜನರನ್ನು ವೈಟ್ ಲಯನ್ ಎಂಬ ಹಡಗು ಪಾಯಿಂಟ್ ಕಂಫರ್ಟ್‌ನಲ್ಲಿ ಇಳಿಸಿತು. ಆಹಾರ ಸಾಮಗ್ರಿಗೆ ಬದಲಾಗಿ ಅವರನ್ನು ಮಾರಲಾಯಿತು. ಪ್ರಜಾಪ್ರಾತಿನಿಧ್ಯವೂ ಮನುಷ್ಯರ ಮಾರಾಟವೂ ಒಂದೇ ಬೇಸಿಗೆಯಲ್ಲಿ ಆರಂಭಗೊಂಡವು. ಮುಂದಿನ ದಶಕಗಳಲ್ಲಿ ಮೊದಲನೆಯದು ಎರಡನೆಯದಕ್ಕೆ ಕಾನೂನಿನ ರೂಪ ಕೊಟ್ಟಿತು.

ಇನ್ನೂ ಗಟ್ಟಿಯಾಗದ ಗೆರೆ

ಆದರೆ ಅದು ತಕ್ಷಣ ಆಗಲಿಲ್ಲ. ಗುಲಾಮಗಿರಿಯನ್ನು ವಿವರಿಸುವ ಸಿದ್ಧ ಶಾಸನ ಇಂಗ್ಲಿಷರ ಬಳಿ ಇರಲಿಲ್ಲ. ಸ್ಪೇನ್, ಪೋರ್ಚುಗಲ್‌ಗಳು ಆಗಲೇ ಗುಲಾಮರ ವ್ಯಾಪಾರದಲ್ಲಿ ಪಳಗಿದ್ದವು. ಆಫ್ರಿಕನ್ನರ ಬಗ್ಗೆ ತಿರಸ್ಕಾರವೂ ಇಂಗ್ಲಿಷರಲ್ಲಿತ್ತು. ಆದರೂ ಮೊದಲ ಕೆಲವು ದಶಕಗಳ ವರ್ಜೀನಿಯಾದಲ್ಲಿ ಕಪ್ಪು ವ್ಯಕ್ತಿಯೊಬ್ಬನ ಭವಿಷ್ಯ ಒಂದೇ ದಾರಿಯಲ್ಲಿ ಸಾಗಬೇಕೆಂಬ ನಿಯಮವಿರಲಿಲ್ಲ.

ಆಂಟನಿ ಜಾನ್ಸನ್ನನ ಬದುಕನ್ನು ನೋಡಿ. 1621ರಲ್ಲಿ ಬಂದಿಳಿದಾಗ ದಾಖಲೆಗಳಲ್ಲಿ ಅವನ ಹೆಸರು ಅಂಟೋನಿಯೋ, ನೀಗ್ರೋ. ಹೊಗೆಸೊಪ್ಪಿನ ತೋಟದಲ್ಲಿ ದುಡಿದ. ಮೇರಿ ಎಂಬ ಆಫ್ರಿಕನ್ ಮಹಿಳೆಯನ್ನು ಮದುವೆಯಾದ. ಇಬ್ಬರೂ ಬಿಡುಗಡೆ ಪಡೆದರು. 1651ರ ಹೊತ್ತಿಗೆ ಪೂರ್ವ ತೀರದಲ್ಲಿ 250 ಎಕರೆ ಜಮೀನು ಅವನ ಹೆಸರಿಗಾಯಿತು. ಬೆಂಕಿಯಲ್ಲಿ ಅವರ ಆಸ್ತಿ ಹಾನಿಗೊಂಡಾಗ, 1653ರಲ್ಲಿ, ಕೌಂಟಿ ನ್ಯಾಯಾಲಯ ಅವನ ಹೆಂಡತಿ ಮತ್ತು ಹೆಣ್ಣುಮಕ್ಕಳಿಗೆ ತೆರಿಗೆ ವಿನಾಯಿತಿ ಕೊಟ್ಟಿತು. ಇದನ್ನು ಕೇಳಿ ಅಂದು ಎಲ್ಲರೂ ಸಮಾನರಾಗಿದ್ದರು ಎಂದುಕೊಳ್ಳಬೇಡಿ. ಇದೇ ಜಾನ್ಸನ್, ಜಾನ್ ಕೇಸರ್ ಎಂಬ ಕಪ್ಪು ಮನುಷ್ಯನನ್ನು ತನ್ನ ಆಜೀವ ಸೊತ್ತೆಂದು ವಾದಿಸಿ 1655ರಲ್ಲಿ ಮೊಕದ್ದಮೆ ಗೆದ್ದ. ಅಂದು ಆಸ್ತಿಯಿದ್ದವರ ಮತ್ತು ಇಲ್ಲದವರ ನಡುವಿನ ಗೆರೆ ಕ್ರೂರವಾಗಿತ್ತು. ಬಣ್ಣದ ಗೆರೆ ಇನ್ನೂ ಅದರ ಮೇಲೆ ನಿಖರವಾಗಿ ಕೂತಿರಲಿಲ್ಲ.

ಕೂರಲು ಆರಂಭಿಸಿತ್ತು ಎಂಬುದಕ್ಕೂ ಸಾಕ್ಷಿಯಿದೆ. 1640ರಲ್ಲಿ ಮೂವರು ಸೇವಕರು ಒಬ್ಬನೇ ಒಡೆಯನಿಂದ ಒಟ್ಟಿಗೆ ಓಡಿಹೋಗಿ ಮೇರಿಲ್ಯಾಂಡಿನಲ್ಲಿ ಸಿಕ್ಕಿಬಿದ್ದರು. ಒಬ್ಬ ಡಚ್ಚ, ಒಬ್ಬ ಸ್ಕಾಟ್, ಮೂರನೆಯವನು ಜಾನ್ ಪಂಚ್ ಎಂಬ ಕಪ್ಪು ಮನುಷ್ಯ. ಮೂವರಿಗೂ ಚಾಟಿಯೇಟು ಸಮಾನ. ಮೊದಲಿಬ್ಬರಿಗೆ ಹೆಚ್ಚುವರಿ ನಾಲ್ಕು ವರ್ಷ. ಪಂಚ್‌ಗೆ ಜೀವಮಾನವಿಡೀ ದುಡಿಮೆ. ಅಪರಾಧ ಒಂದೇ, ಶಿಕ್ಷೆ ಎರಡು. 1643ರಲ್ಲಿ ಶಾಸನಸಭೆ ಆಫ್ರಿಕನ್ ಮಹಿಳೆಯರನ್ನು ಗಂಡಸರಂತೆ ತಲೆತೆರಿಗೆಯ ಲೆಕ್ಕಕ್ಕೆ ಸೇರಿಸಿತು. ಇಂಗ್ಲಿಷ್ ಮಹಿಳೆಯರಿಗೆ ಆ ತೆರಿಗೆ ಇರಲಿಲ್ಲ. ಒಬ್ಬಳ ಜಾಗ ಮನೆ, ಇನ್ನೊಬ್ಬಳ ಜಾಗ ಹೊಲ ಎಂದು ತೆರಿಗೆಯ ಪಟ್ಟಿಯೇ ಹೇಳಿತು.

ತಾಯಿಯ ಗರ್ಭಕ್ಕೆ ಬಂದ ಕಾಯ್ದೆ

ಈಗ ನಿಮ್ಮ ಗಮನವನ್ನು ವಿಶೇಷವಾಗಿ ಬೇಡುವ ಪ್ರಕರಣಕ್ಕೆ ಬರುತ್ತೇನೆ. ಎಲಿಜಬೆತ್ ಕೀ ಎಂಬಾಕೆಯ ತಂದೆ ಇಂಗ್ಲಿಷ್ ಪ್ರತಿಷ್ಠಿತ, ಶಾಸನಸಭೆಯ ಸದಸ್ಯನೂ ಆಗಿದ್ದವನು, ತಾಯಿ ಆಫ್ರಿಕನ್. ಒಡೆಯ ಸತ್ತಾಗ ಆತನ ಆಸ್ತಿಯ ಪಟ್ಟಿಯಲ್ಲಿ ಅವಳನ್ನೂ ಗುಲಾಮಳೆಂದು ಸೇರಿಸಲಾಯಿತು. ಅವಳು ನ್ಯಾಯಾಲಯಕ್ಕೆ ಹೋದಳು. ಅವಳ ವಾದಕ್ಕೆ ಮೂರು ಆಧಾರಗಳಿದ್ದವು: ಇಂಗ್ಲಿಷ್ ಕಾನೂನಿನಲ್ಲಿ ಮಗು ತಂದೆಯ ಸ್ಥಾನವನ್ನು ಪಡೆಯುತ್ತದೆ, ಅವಳು ದೀಕ್ಷೆ ಪಡೆದ ಕ್ರೈಸ್ತಳು, ಅವಳನ್ನು ಗೊತ್ತಾದ ಅವಧಿಗೆ ಮಾತ್ರ ಸೇವೆಗೆ ಒಪ್ಪಿಸಲಾಗಿತ್ತು. 1656ರಲ್ಲಿ ಅವಳು ಗೆದ್ದಳು, ತನ್ನ ಪರ ವಾದಿಸಿದ ವಿಲಿಯಂ ಗ್ರಿನ್‌ಸ್ಟೆಡ್‌ನನ್ನು ಮದುವೆಯಾದಳು.

ಅವಳು ನಡೆದ ದಾರಿಯನ್ನು ಶಾಸನಸಭೆ ಬಹುಬೇಗ ಮುಚ್ಚಿತು. 1662ರ ಕಾಯ್ದೆಯ ಪ್ರಕಾರ ವಸಾಹತಿನಲ್ಲಿ ಹುಟ್ಟುವ ಮಗು ಗುಲಾಮನೋ ಸ್ವತಂತ್ರನೋ ಎಂಬುದು ತಾಯಿಯ ಸ್ಥಿತಿಯನ್ನು ಅನುಸರಿಸುತ್ತದೆ. 1667ರ ಕಾಯ್ದೆಯ ಪ್ರಕಾರ ಕ್ರೈಸ್ತ ದೀಕ್ಷೆಯಿಂದ ಬಿಡುಗಡೆ ದೊರೆಯುವುದಿಲ್ಲ. ಎಲಿಜಬೆತ್ ಕೀ ಹಿಡಿದ ಎರಡು ಮುಖ್ಯ ಆಧಾರಗಳು ಹನ್ನೊಂದು ವರ್ಷಗಳೊಳಗೆ ಇಲ್ಲವಾದವು. ಗೆದ್ದ ಮೊಕದ್ದಮೆಯೊಂದು ಆಳುವವರಿಗೆ ಯಾವ ಬಾಗಿಲು ತೆರೆದಿದೆಯೆಂದು ತೋರಿಸಿಕೊಡುತ್ತದೆ. ಆಮೇಲೆ ಅವರು ಅದಕ್ಕೆ ಬೀಗ ಹಾಕುತ್ತಾರೆ.

1662ರ ಕಾಯ್ದೆಯ ಅರ್ಥವನ್ನು ಸಾವಧಾನವಾಗಿ ಯೋಚಿಸಿ. ಇಂಗ್ಲಿಷ್ ಸಮಾಜದಲ್ಲಿ ಹೆಸರು, ಆಸ್ತಿ, ಸ್ಥಾನ ಎಲ್ಲವೂ ತಂದೆಯ ಕಡೆಯಿಂದ ಬರುತ್ತಿದ್ದವು. ಗುಲಾಮ ಹೆಣ್ಣಿನ ವಿಷಯದಲ್ಲಿ ಮಾತ್ರ ಆ ನಿಯಮವನ್ನು ತಲೆಕೆಳಗು ಮಾಡಲಾಯಿತು. ಒಡೆಯ ತನ್ನ ಗುಲಾಮಳ ಮೇಲೆ ಅತ್ಯಾಚಾರವೆಸಗಿದರೆ ಹುಟ್ಟುವ ಮಗುವಿಗೆ ಅವನು ತಂದೆಯಾಗಬೇಕಿಲ್ಲ, ಅದರ ಮಾಲೀಕನಾಗುತ್ತಾನೆ. ಹಿಂಸೆಯೇ ಆಸ್ತಿಯ ವೃದ್ಧಿಯಾಯಿತು. ಗುಲಾಮಗಿರಿ ಹುಟ್ಟಿನೊಂದಿಗೆ ಅಂಟಿಕೊಂಡದ್ದು ಹೀಗೆ, ಹೆಣ್ಣಿನ ದೇಹದ ಮೂಲಕ. ಈ ಸತ್ಯವನ್ನು ಚರಿತ್ರೆಯ ಕೇಂದ್ರಕ್ಕೆ ತಂದವರು ಕ್ಯಾಥ್ಲೀನ್ ಬ್ರೌನ್, ಜೆನಿಫರ್ ಮಾರ್ಗನ್ ಮುಂತಾದ ಮಹಿಳಾ ಇತಿಹಾಸಕಾರರು. 1669ರಲ್ಲಿ ಇನ್ನೊಂದು ಕಾಯ್ದೆ ಬಂತು: ದಂಡಿಸುವಾಗ ಗುಲಾಮ ಸತ್ತರೆ ಒಡೆಯನ ಮೇಲೆ ಕೊಲೆಯ ಆರೋಪವಿಲ್ಲ. ತನ್ನ ಸೊತ್ತನ್ನು ಬೇಕೆಂದೇ ಯಾರೂ ಹಾಳುಮಾಡಿಕೊಳ್ಳುವುದಿಲ್ಲ ಎಂಬುದು ಅದಕ್ಕೆ ಕೊಟ್ಟ ತರ್ಕ.

ಆಂಟನಿ ಜಾನ್ಸನ್ ಅಷ್ಟರಲ್ಲಿ ಮೇರಿಲ್ಯಾಂಡಿಗೆ ಹೋಗಿದ್ದ. ಅವನು ತೀರಿಕೊಂಡ ಮೇಲೆ, 1670ರಲ್ಲಿ, ವರ್ಜೀನಿಯಾದ ಪಂಚರು ಅವನನ್ನು ನೀಗ್ರೋ ಆದ್ದರಿಂದ ಪರಕೀಯ ಎಂದು ತೀರ್ಮಾನಿಸಿದರು. ಅಲ್ಲಿ ಅವನಿಗಿದ್ದ ಜಮೀನು ಅವನ ಮಕ್ಕಳಿಗೆ ದಕ್ಕಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಅಲ್ಲಿ ಬದುಕಿ ತೆರಿಗೆ ಕಟ್ಟಿದವನು ಒಂದು ವಾಕ್ಯದಲ್ಲಿ ಹೊರಗಿನವನಾದ.

1676: ಆಳುವವರು ಹೆದರಿದ ವರ್ಷ

1671ರಲ್ಲಿ ಗವರ್ನರ್ ವಿಲಿಯಂ ಬರ್ಕ್ಲಿ ಲಂಡನ್ನಿಗೆ ಕಳುಹಿಸಿದ ವರದಿಯ ಪ್ರಕಾರ ವರ್ಜೀನಿಯಾದ ವಸಾಹತಿನ ಜನಸಂಖ್ಯೆ ಸುಮಾರು 40,000. ಅದರಲ್ಲಿ ಕಪ್ಪು ಗುಲಾಮರು 2,000, ಕರಾರಿನ ಸೇವಕರು 6,000. ಅಂದರೆ ಆಗಲೂ ಹೊಲದ ದುಡಿಮೆಯ ಬಹುಪಾಲು ಭಾರ ಹೊತ್ತವರು ಇಂಗ್ಲಿಷ್ ಬಡವರೇ. ಅವಧಿ ಮುಗಿಸಿದವರಿಗೆ ನದಿದಂಡೆಯ ಒಳ್ಳೆಯ ಜಮೀನು ಸಿಗುತ್ತಿರಲಿಲ್ಲ. ಅದು ಆಗಲೇ ದೊಡ್ಡ ತೋಟಗಾರರ ಪಾಲಾಗಿತ್ತು. ಹೊಗೆಸೊಪ್ಪಿನ ಬೆಲೆ ಕುಸಿದಿತ್ತು, ತೆರಿಗೆ ಏರಿತ್ತು. ಕೈಯಲ್ಲಿ ಬಂದೂಕು, ಹೊಟ್ಟೆಯಲ್ಲಿ ಸಿಟ್ಟು ಇದ್ದ ಭೂಹೀನ ಯುವಕರ ದೊಡ್ಡ ಗುಂಪು ಹುಟ್ಟಿಕೊಂಡಿತ್ತು.

ಆ ಸಿಟ್ಟಿಗೆ ನಾಯಕನಾದವನು ನಥಾನಿಯಲ್ ಬೇಕನ್. ಅವನನ್ನು ಕ್ರಾಂತಿಕಾರಿಯೆಂದು ಮೆರೆಸುವುದು ಸಲ್ಲದು. ಅವನ ದಂಗೆ ಆರಂಭವಾದದ್ದು ಮೂಲನಿವಾಸಿಗಳ ಮೇಲಿನ ದಾಳಿಯಿಂದ. ವಸಾಹತಿನೊಂದಿಗೆ ಸ್ನೇಹದಿಂದಿದ್ದ ಬುಡಕಟ್ಟುಗಳನ್ನೂ ಅವನ ಪಡೆ ಬಿಡಲಿಲ್ಲ. ಆದರೆ ದಂಗೆ ಗವರ್ನರನ ವಿರುದ್ಧ ತಿರುಗಿದಾಗ, ಬೇಕನ್ ತನ್ನ ವಿರೋಧಿಗಳ ಸೇವಕರಿಗೂ ಗುಲಾಮರಿಗೂ ಬಿಡುಗಡೆಯ ಭರವಸೆ ಕೊಟ್ಟ. ಅವರು ಬಂದು ಸೇರಿದರು. 1676ರ ಸೆಪ್ಟೆಂಬರಿನಲ್ಲಿ ಜೇಮ್ಸ್‌ಟೌನ್ ಸುಟ್ಟು ಬೂದಿಯಾಯಿತು. ಅಕ್ಟೋಬರಿನಲ್ಲಿ ಬೇಕನ್ ಆಮಶಂಕೆಯಿಂದ ಸತ್ತ, ದಂಗೆ ಚದುರಿತು. ಕೊನೆಯವರೆಗೂ ಶಸ್ತ್ರ ಹಿಡಿದು ನಿಂತವರಲ್ಲಿ ಸುಮಾರು 400 ಮಂದಿ ಇಂಗ್ಲಿಷರೂ ಕಪ್ಪು ಜನರೂ ಬೆರೆತ ಒಂದು ಪಡೆಯಿತ್ತು. ಕ್ಷಮೆಯ ಮಾತು ಕೊಟ್ಟು ಅವರನ್ನು ಕರಗಿಸಲು ಬಂದ ನಾವಿಕ ಥಾಮಸ್ ಗ್ರಾಂಥಮ್‌ನ ವರದಿಯಂತೆ, ಕೊನೆಗೂ ಆಯುಧ ಕೆಳಗಿಡಲು ಒಪ್ಪದೆ ಉಳಿದವರು 80 ಕಪ್ಪು ಜನ, 20 ಇಂಗ್ಲಿಷರು.

ಆ ನೂರು ಮಂದಿಯನ್ನು ನೆನಪಿಟ್ಟುಕೊಳ್ಳಿ. ಅವರನ್ನು ದೋಣಿಯಲ್ಲಿ ಕೂರಿಸಿ ಮೋಸದಿಂದ ಫಿರಂಗಿಯ ಬಾಯಿಗೆ ತಂದು ನಿಲ್ಲಿಸಲಾಯಿತು, ಒಡೆಯರಿಗೆ ಮರಳಿ ಒಪ್ಪಿಸಲಾಯಿತು. ಅವರು ಸೋತರು. ಆದರೆ ದುಡಿಯುವವರು ಬಣ್ಣ ಮರೆತು ಒಟ್ಟಾಗಿ ನಿಂತರೆ ಏನಾಗಬಹುದೆಂಬುದನ್ನು ತೋಟಗಾರರು ಕಂಡಿದ್ದರು.

ಬೇರ್ಪಡಿಸುವ ಶಾಸನಗಳು

1680ರ ಕಾಯ್ದೆ ಕಪ್ಪು ಜನರು ಬಂದೂಕು ಇರಲಿ, ದೊಣ್ಣೆಯನ್ನೂ ಹಿಡಿಯಬಾರದೆಂದಿತು. ಒಡೆಯನ ಚೀಟಿಯಿಲ್ಲದೆ ಗುಲಾಮರು ತೋಟದಾಚೆ ಕಾಲಿಡುವಂತಿಲ್ಲ. ಕ್ರೈಸ್ತನ ಮೇಲೆ ಕೈಯೆತ್ತಿದರೆ 30 ಚಾಟಿಯೇಟು. 1691ರ ಕಾಯ್ದೆ, ಬಿಳಿಯ ಹೆಣ್ಣಾಗಲಿ ಗಂಡಾಗಲಿ ಕಪ್ಪು, ಮಿಶ್ರ ಅಥವಾ ಮೂಲನಿವಾಸಿ ಸಂಗಾತಿಯನ್ನು ಮದುವೆಯಾದರೆ ವಸಾಹತಿನಿಂದ ಗಡೀಪಾರು ಎಂದಿತು. ಕಪ್ಪು ಗಂಡಸಿನಿಂದ ಮಗು ಹೆತ್ತ ಬಿಳಿಯ ಹೆಣ್ಣಿಗೆ 15 ಪೌಂಡ್ ದಂಡ, ಕಟ್ಟಲಾಗದಿದ್ದರೆ ಐದು ವರ್ಷದ ಜೀತ. ಮಗುವಿಗೆ ಮೂವತ್ತು ವರ್ಷ ತುಂಬುವವರೆಗೆ ಜೀತ. ಅದುವರೆಗೆ ಶಾಸನಗಳು ‘ಕ್ರೈಸ್ತ’, ‘ಇಂಗ್ಲಿಷ್’ ಎಂದು ಬರೆಯುತ್ತಿದ್ದವು. ‘ಬಿಳಿಯ’ ಎಂಬ ಪದ ವರ್ಜೀನಿಯಾದ ಶಾಸನದಲ್ಲಿ ಒಂದು ಜನವರ್ಗದ ಹೆಸರಾಗಿ ಕಾಣಿಸಿಕೊಂಡದ್ದು ಈ ಮದುವೆಯ ಕಾಯ್ದೆಯಲ್ಲಿ.

1705ರಲ್ಲಿ ಚದುರಿದ್ದ ಕಾಯ್ದೆಗಳನ್ನೆಲ್ಲ ಒಟ್ಟುಗೂಡಿಸಲಾಯಿತು. ಗುಲಾಮರು ಜಮೀನಿನಂತೆ ಸ್ಥಿರಾಸ್ತಿ ಎನಿಸಿದರು. ಅದೇ ವರ್ಷ ಬಿಳಿಯ ಸೇವಕರಿಗೆ ಕೆಲವು ರಕ್ಷಣೆಗಳೂ ದೊರೆತವು. ನ್ಯಾಯಾಧಿಕಾರಿಯ ಆದೇಶವಿಲ್ಲದೆ ಬಿಳಿಯ ಕ್ರೈಸ್ತ ಸೇವಕನ ಬಟ್ಟೆ ಬಿಚ್ಚಿಸಿ ಚಾಟಿಯಲ್ಲಿ ಹೊಡೆಯುವಂತಿಲ್ಲ. ಅವಧಿ ಮುಗಿದ ಗಂಡಸಿಗೆ 10 ಬುಷೆಲ್ ಮುಸುಕಿನ ಜೋಳ, 30 ಶಿಲಿಂಗ್, ಒಂದು ಬಂದೂಕು; ಹೆಂಗಸಿಗೆ 15 ಬುಷೆಲ್ ಜೋಳ, 40 ಶಿಲಿಂಗ್. 1723ರಲ್ಲಿ ಸ್ವತಂತ್ರ ಕಪ್ಪು ಜನರ ಮತದಾನದ ಹಕ್ಕನ್ನೂ ಕಿತ್ತುಕೊಳ್ಳಲಾಯಿತು.

ಈ ಪಟ್ಟಿಯಲ್ಲಿ ಬಡ ಬಿಳಿಯನಿಗೆ ಸಿಗದೆ ಹೋದದ್ದೇನು ಎಂದು ಕೇಳಿ. ನದಿದಂಡೆಯ ಜಮೀನು ಸಿಗಲಿಲ್ಲ. ದೊಡ್ಡ ತೋಟಗಾರರ ಅಧಿಕಾರದಲ್ಲಿ ಪಾಲು ಸಿಗಲಿಲ್ಲ. ಸಿಕ್ಕಿದ್ದು ಒಂದು ಬಂದೂಕು ಮತ್ತು ತನಗಿಂತ ಕೆಳಗೆ ಒಬ್ಬ ಶಾಶ್ವತವಾಗಿ ಇದ್ದಾನೆಂಬ ಸಮಾಧಾನ. 1676ರಲ್ಲಿ ಪಕ್ಕದಲ್ಲಿ ನಿಂತು ಹೋರಾಡಿದವನನ್ನು ಈಗ ಅವನು ಕಾವಲು ಕಾಯಬೇಕಿತ್ತು.

ಇದನ್ನೆಲ್ಲ ಇತಿಹಾಸಕಾರರು ಒಂದೇ ರೀತಿ ವಿವರಿಸುವುದಿಲ್ಲ. ಎಡ್ಮಂಡ್ ಮಾರ್ಗನ್ ತನ್ನ 1975ರ ಕೃತಿಯಲ್ಲಿ, ಬಡ ಬಿಳಿಯರ ದಂಗೆಯ ಭಯವು ವರ್ಣಭೇದಕ್ಕೆ ಹೇಗೆ ಇಂಬಾಯಿತೆಂದು ತೋರಿಸಿದ. ಅದಕ್ಕೂ ಮುಂಚೆ 1968ರಲ್ಲಿ ವಿನ್‌ಥ್ರಾಪ್ ಜೋರ್ಡನ್, ಕಪ್ಪು ಬಣ್ಣದ ಬಗ್ಗೆ ಇಂಗ್ಲಿಷರ ಪೂರ್ವಗ್ರಹ ಬಹಳ ಹಳೆಯದೆಂದು ವಾದಿಸಿದ್ದ. ಇಂಗ್ಲೆಂಡಿನಿಂದ ಬರುವ ಸೇವಕರು ಕಡಿಮೆಯಾದದ್ದು, 1698ರಲ್ಲಿ ರಾಯಲ್ ಆಫ್ರಿಕನ್ ಕಂಪೆನಿಯ ಏಕಸ್ವಾಮ್ಯ ಮುರಿದು ಗುಲಾಮರ ವ್ಯಾಪಾರ ಹಬ್ಬಿದ್ದು, ಇವೂ ಕಾರಣಗಳೇ. ನನ್ನ ಮಟ್ಟಿಗೆ ಪೂರ್ವಗ್ರಹ ಮೊದಲೋ ಲಾಭ ಮೊದಲೋ ಎಂಬುದಕ್ಕಿಂತ, ಎರಡನ್ನೂ ಬೆಸೆದು ಗಟ್ಟಿಮಾಡಿದ್ದು ಶಾಸನ ಎಂಬುದು ಮುಖ್ಯ. ತಿರಸ್ಕಾರ ಮನಸ್ಸಿನಲ್ಲಿದ್ದರೆ ಅದು ಒಂದು ತಲೆಮಾರಿನಲ್ಲಿ ಬದಲಾಗಬಹುದು; ಆಸ್ತಿ, ಮದುವೆ, ಸಾಕ್ಷ್ಯ, ಶಿಕ್ಷೆಗಳಲ್ಲಿ ಅದನ್ನು ಬರೆದಿಟ್ಟರೆ ಶತಮಾನಗಳು ಬೇಕಾಗುತ್ತವೆ. 1790ರ ಮೊದಲ ಜನಗಣತಿಯ ಹೊತ್ತಿಗೆ ವರ್ಜೀನಿಯಾದಲ್ಲಿ ಗುಲಾಮರ ಸಂಖ್ಯೆ 2,92,000 ದಾಟಿತ್ತು. ನೂರಕ್ಕೆ 39 ಜನ. 1691ರಲ್ಲಿ ಆರಂಭಗೊಂಡ ಮದುವೆಯ ನಿಷೇಧ ಅದೇ ವರ್ಜೀನಿಯಾದಲ್ಲಿ ಬಿದ್ದುಹೋದದ್ದು 1967ರ ಲವಿಂಗ್ ಪ್ರಕರಣದ ತೀರ್ಪಿನಿಂದ. 276 ವರ್ಷ.

ನಾವು ಎಲ್ಲಿದ್ದೆವು?

ನಮಗೂ ಇದಕ್ಕೂ ಏನು ಸಂಬಂಧ ಎಂದು ನಿಮ್ಮಲ್ಲಿ ಕೆಲವರು ಯೋಚಿಸುತ್ತಿರಬಹುದು. 1635ರ ವರ್ಜೀನಿಯಾದ ಭೂದಾಖಲೆಯೊಂದರಲ್ಲಿ, ಜಾರ್ಜ್ ಮೆನಿಫೀ ಎಂಬ ವ್ಯಾಪಾರಿ ಜಮೀನಿಗಾಗಿ ಲೆಕ್ಕ ಕೊಟ್ಟ ತಲೆಗಳಲ್ಲಿ ‘ಟೋನಿ, ಈಸ್ಟ್ ಇಂಡಿಯನ್’ ಎಂಬ ಹೆಸರಿದೆ. ನಮ್ಮ ಉಪಖಂಡದಿಂದ ಈ ವಸಾಹತಿಗೆ ಬಂದ ಮೊದಲಿಗರಲ್ಲಿ ಒಬ್ಬ ತಲೆಗೆ 50 ಎಕರೆಯ ಲೆಕ್ಕದಲ್ಲಿ ದಾಖಲಾಗಿದ್ದಾನೆ. 18ನೆಯ ಶತಮಾನದ ವರ್ಜೀನಿಯಾ ಗೆಜೆಟ್ ಪತ್ರಿಕೆಯಲ್ಲಿ ಓಡಿಹೋದ ಈಸ್ಟ್ ಇಂಡಿಯನ್ ಆಳುಗಳನ್ನು ಹುಡುಕುವ ಜಾಹೀರಾತುಗಳಿವೆ. ವಲಸಿಗರ ಸಾಧನೆಯನ್ನು ನೆನೆಯುವ ನಮ್ಮ ಸಮಾರಂಭಗಳಲ್ಲಿ ಇವರನ್ನು ಪೂರ್ವಿಕರೆಂದು ನಾವು ಕರೆಯುವುದಿಲ್ಲ.

ನಾವು ಬೇರೆ ದಾರಿಯನ್ನು ಆರಿಸಿಕೊಂಡಿದ್ದೂ ಉಂಟು. 1790ರ ಕಾಯ್ದೆ ಪೌರತ್ವದ ಅವಕಾಶವನ್ನು ಸ್ವತಂತ್ರ ಬಿಳಿಯರಿಗೆ ಮಾತ್ರ ಕೊಟ್ಟಿತ್ತು. ಅಮೆರಿಕದ ಸೈನ್ಯದಲ್ಲಿ ದುಡಿದಿದ್ದ ಭಗತ್ ಸಿಂಗ್ ಥಿಂಡ್ ಪೌರತ್ವ ಕೋರಿದಾಗ, ಆತ ಉಚ್ಚ ಜಾತಿಯ ಆರ್ಯ, ಆದ್ದರಿಂದ ಬಿಳಿಯ ಎಂದು ವಾದ ಮಂಡಿಸಲಾಯಿತು. 1923ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಅನ್ಯಾಯದ ಗೆರೆಯನ್ನು ಪ್ರಶ್ನಿಸುವ ಬದಲು, ಜಾತಿಯ ಏಣಿ ಹತ್ತಿ ಅದರ ಮೇಲಿನ ಬದಿಗೆ ದಾಟಲು ನೋಡಿದ ವಾದ ಅದು.

ಇದಕ್ಕೆ ವಿರುದ್ಧವಾದ ಪರಂಪರೆಯೂ ನಮ್ಮದೇ. ಜೋತಿರಾವ್ ಫುಲೆ 1873ರಲ್ಲಿ ತಮ್ಮ ‘ಗುಲಾಮಗಿರಿ’ ಕೃತಿಯನ್ನು ಗುಲಾಮಗಿರಿಯ ವಿರುದ್ಧ ಹೋರಾಡಿದ ಅಮೆರಿಕದ ಜನರಿಗೆ ಅರ್ಪಿಸಿದರು. 1916ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಯುವಕ ಅಂಬೇಡ್ಕರ್, ಜಾತಿಯ ಮೂಲ ಇರುವುದು ಒಳಮದುವೆಯಲ್ಲಿ ಎಂದು ವಿಚಾರಸಂಕಿರಣದಲ್ಲಿ ವಾದಿಸಿದರು. ಆ ಹೊತ್ತಿನಲ್ಲಿ ಅಮೆರಿಕದ ಅನೇಕ ರಾಜ್ಯಗಳಲ್ಲಿ ಬಿಳಿಯರು ಮತ್ತು ಕಪ್ಪು ಜನರ ಮದುವೆ ಅಪರಾಧವಾಗಿತ್ತು. ಜಾತಿ ಮತ್ತು ವರ್ಣಭೇದ ಒಂದೇ ಅಲ್ಲ. ಒಂದರ ಹಿಂದೆ ಧರ್ಮಶಾಸ್ತ್ರವಿದೆ, ಇನ್ನೊಂದರ ಹಿಂದೆ ತೋಟಗಾರರ ಲೆಕ್ಕಪುಸ್ತಕವಿದೆ. ಆದರೆ ಎರಡೂ ಹುಟ್ಟನ್ನು ಕಾಯಲು ಮದುವೆಯನ್ನು ಕಾಯುತ್ತವೆ. ಹರಳಯ್ಯ ಮತ್ತು ಮಧುವರಸರ ಮಕ್ಕಳ ಮದುವೆಗೆ ಕಲ್ಯಾಣ ಏಕೆ ನಡುಗಿತೆಂದು ಬಲ್ಲವರಿಗೆ 1691ರ ಕಾಯ್ದೆ ಅರ್ಥವಾಗಲು ಕಷ್ಟವಿಲ್ಲ.

ಇದು ಮುಗಿದ ಕತೆಯಲ್ಲ. 2022ರ ಜನವರಿಯಲ್ಲಿ ವರ್ಜೀನಿಯಾದ ಗವರ್ನರ್ ಅಧಿಕಾರ ವಹಿಸಿಕೊಂಡ ದಿನವೇ, ಜನರನ್ನು ಒಡೆಯುವ ಪರಿಕಲ್ಪನೆಗಳನ್ನು ಶಾಲೆಗಳಿಂದ ಹೊರಗಿಡುವ ಆದೇಶ ಹೊರಡಿಸಿದರು. ಜನರನ್ನು ಒಡೆದದ್ದು 1691 ಮತ್ತು 1705ರ ಕಾಯ್ದೆಗಳು. ಅವನ್ನು ಓದುವುದು ಒಡಕಲ್ಲ. 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರಸಭೆ ಜಾತಿ ತಾರತಮ್ಯವನ್ನು ಹೆಸರಿಸಿ ನಿಷೇಧಿಸಿತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಶಾಸನಸಭೆ ಒಪ್ಪಿದ ಇಂಥದೇ ಮಸೂದೆಯನ್ನು, ಈಗಿರುವ ಕಾನೂನುಗಳೇ ಸಾಕೆಂದು ಅಲ್ಲಿನ ಗವರ್ನರ್ ತಿರಸ್ಕರಿಸಿದರು. ಆ ಮಸೂದೆಯನ್ನು ವಿರೋಧಿಸಿದವರಲ್ಲಿ ನಮ್ಮವರೂ ಅನೇಕರಿದ್ದರು. ಜಾತಿಯನ್ನು ಹೆಸರಿಸಿದರೆ ನಮ್ಮ ಮಕ್ಕಳಿಗೆ ಅವಮಾನವಾಗುತ್ತದೆ ಎಂಬುದು ಅವರ ಆತಂಕ. ಆ ಆತಂಕವನ್ನು ನಾನು ಲಘುವಾಗಿ ಕಾಣುವುದಿಲ್ಲ. ಆದರೆ ಕೇಳುತ್ತೇನೆ: ಕೆಲಸದ ಜಾಗದಲ್ಲಿ ತನ್ನ ಅಡ್ಡಹೆಸರನ್ನು ಮುಚ್ಚಿಟ್ಟುಕೊಳ್ಳುವ ಸಹೋದ್ಯೋಗಿಯ ಅವಮಾನ ಯಾರ ಲೆಕ್ಕದಲ್ಲಿದೆ? ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟದ ಬಲದಿಂದ ಬಂದ 1965ರ ವಲಸೆ ಕಾಯ್ದೆಯಿಂದಾಗಿ ನಮ್ಮಲ್ಲಿ ಬಹುಪಾಲು ಕುಟುಂಬಗಳು ಇಲ್ಲಿವೆ. ಆ ಬಾಗಿಲಿನಿಂದ ಒಳಬಂದವರು ಇನ್ನೊಂದು ಬಾಗಿಲನ್ನು ಮುಚ್ಚುವುದು ನ್ಯಾಯವಲ್ಲ.

ವಿದ್ಯಾರ್ಥಿಗಳೇ, ವರ್ಜೀನಿಯಾದ ಹಳೆಯ ಶಾಸನಗಳನ್ನು ವಿಲಿಯಂ ವಾಲರ್ ಹೆನಿಂಗ್ ಎಂಬಾತ 19ನೆಯ ಶತಮಾನದ ಆರಂಭದಲ್ಲಿ 13 ಸಂಪುಟಗಳಲ್ಲಿ ಪ್ರಕಟಿಸಿದ. ಅವು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ನನ್ನ ಮಾತನ್ನು ನಂಬಬೇಕಿಲ್ಲ. 1662, 1667, 1691, 1705ರ ಪುಟಗಳನ್ನು ತೆರೆದು ಓದಿ. ಓದುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಈ ಕಾಯ್ದೆಯಿಂದ ಯಾರಿಗೆ ಲಾಭವಾಯಿತು? ಇದು ಯಾರು ಯಾರೊಂದಿಗೆ ಸೇರುವುದನ್ನು ತಡೆಯಿತು? ಇದಕ್ಕೆ ಹಿಂದಿನ ವರ್ಷ ನ್ಯಾಯಾಲಯದಲ್ಲೋ ಬೀದಿಯಲ್ಲೋ ಯಾರು ಏನನ್ನು ಗೆದ್ದಿದ್ದರು? ಮೂರನೆಯ ಪ್ರಶ್ನೆಗೆ ಉತ್ತರ ಹುಡುಕಿದರೆ ಎಲಿಜಬೆತ್ ಕೀಯಂಥವರು ಸಿಗುತ್ತಾರೆ. ಸಹಜವೆಂದು ಹೇಳಲಾಗುವ ಪ್ರತಿಯೊಂದು ಶ್ರೇಣಿಯ ಹಿಂದೆಯೂ ಅದನ್ನು ಒಪ್ಪದೆ ಅರ್ಜಿ ಹಿಡಿದು ನಿಂತವರಿದ್ದಾರೆ. ಮನುಷ್ಯರು ಬರೆದ ಕಾನೂನನ್ನು ಮನುಷ್ಯರೇ ತಿದ್ದಬಹುದೆಂಬುದಕ್ಕೆ ಮೊದಲ ಸಾಕ್ಷಿಗಳು ಅವರೇ.